ಜಾಣಿಯ ಆಪರೇಷನ್ನೂ ‘ನೋಡೋಣ’ ಎಂಬ ಮಾತೂ

ಕನ್ನಡದಲ್ಲಿ ನನಗೆ ಕಂಡರಾಗದ ಮಾತು ಒಂದೇ ಒಂದು. ಅದು ಬೈಗುಳವಲ್ಲ. ಬೈಗುಳವನ್ನು ನಾನು ಸಹಿಸಬಲ್ಲೆ. ಮೂವತ್ತೊಂದು ವರ್ಷ ಹಳ್ಳಿಗಳಲ್ಲಿ ನರ್ಸಾಗಿ ಅಲೆದವಳಿಗೆ ಅದು ಬೆಳಗಿನ ತಿಂಡಿ ಇದ್ದ ಹಾಗೆ. ನನಗೆ ಆಗದಿರುವುದು ‘ನೋಡೋಣ’ ಎಂಬ ಮಾತು. ಇಲ್ಲ ಎನ್ನುವವರೊಡನೆ ಜಗಳವಾಡಬಹುದು. ಹೂಂ ಎನ್ನುವವರನ್ನು ಕೈಹಿಡಿದು ಕರೆದುಕೊಂಡು ಹೋಗಬಹುದು. ನೋಡೋಣ ಎನ್ನುವವರನ್ನು ಏನು ಮಾಡುವುದು? ಅವರು ಬಾಗಿಲು ಹಾಕಿಯೂ ಇರುವುದಿಲ್ಲ, ತೆರೆದೂ ಇರುವುದಿಲ್ಲ. ಹೊಸ್ತಿಲ ಮೇಲೆ ನಿಂತು ಎಲೆ ಅಡಿಕೆ ಅಗಿಯುತ್ತಿರುತ್ತಾರೆ. ಏನು ನೋಡುತ್ತಾರೆ, ಯಾವಾಗ ನೋಡುತ್ತಾರೆ, ನೋಡಿದ ಮೇಲೆ ಅವರಿಗೆ ಏನು ಕಂಡಿತು ಎಂದು ಇವತ್ತಿನವರೆಗೆ ಒಬ್ಬರೂ ಬಂದು ನನಗೆ ಹೇಳಿಲ್ಲ.

ನನ್ನ ಸಿಟ್ಟಿಗೆ ಕಾರಣವಿದೆ. ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಚುಚ್ಚುವುದು, ಬಸುರಿಯರಿಗೆ ಮಾತ್ರೆ ಕೊಡುವುದು ಇತ್ಯಾದಿ ಕೆಲಸಗಳ ಜೊತೆಗೆ ಎರಡು ಹೆತ್ತವರನ್ನು ಆಪರೇಷನ್ನಿಗೆ ಒಪ್ಪಿಸುವುದೂ ನನ್ನ ಪಾಲಿಗಿತ್ತು. ಒಪ್ಪಿದವರಿಗೆ ಇಲಾಖೆಯ ಭಾಷೆಯಲ್ಲಿ ‘ಕೇಸು’ ಎಂದು ಹೆಸರು. ತಿಂಗಳ ಸಭೆಯಲ್ಲಿ ಮೇಲಿನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಎಷ್ಟು ಕೇಸು?” ನಾನು ಕೊಡೆ ಹಿಡಿದು ಮನೆಮನೆಗೆ ಹೋದರೆ ಹೆಂಗಸರ ಉತ್ತರವೂ ಒಂದೇ: “ನೋಡಾಣ ತಗಳಿ ಸಿಸ್ಟ್ರಮ್ಮ.” ಮಳೆಗಾಲದಲ್ಲಿ ಹೋದರೆ ಗಾಯ ಒಣಗುವುದಿಲ್ಲ. ಚಳಿಗಾಲದಲ್ಲಿ ಹೊಲಿಗೆ ಸೆಳೆಯುತ್ತದೆ. ಬೇಸಗೆಯಲ್ಲಿ ಕೀವಾಗುತ್ತದೆ. ಆಷಾಢ ಆಗದು, ಶ್ರಾವಣದಲ್ಲಿ ಹಬ್ಬ, ಪಕ್ಷಮಾಸದಲ್ಲಿ ಹಿರಿಯರು ಬರುತ್ತಾರೆ. ದೇವರು ಆಪರೇಷನ್ನಿಗೆಂದು ವರ್ಷದಲ್ಲಿ ಒಂದು ದಿನವನ್ನೂ ಮೀಸಲಿಟ್ಟಿರಲಿಲ್ಲ. ಇದಕ್ಕೆಲ್ಲ ನನ್ನ ಬಳಿ ಇದ್ದದ್ದು ಒಂದೇ ಮದ್ದು, ಒಂದೇ ವಾಕ್ಯ: “ಏನೂ ಇಲ್ಲ ಕಣಮ್ಮ, ಇರುವೆ ಕಚ್ಚಿದ ಹಾಗೆ.” ಈ ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಿವೃತ್ತಿಯ ದಿನ ಹಾರದ ಬದಲು ಒಂದು ಇರುವೆಯನ್ನು ಬೆಳ್ಳಿಯಲ್ಲಿ ಮಾಡಿಸಿ ಕೊಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ.

ಕೊಟ್ಟದ್ದು ಶಾಲು, ಹಣ್ಣಿನ ಬುಟ್ಟಿ ಮತ್ತು ಗೋಡೆ ಗಡಿಯಾರ. ಇವನ್ನು ಹೊತ್ತುಕೊಂಡು ಮನೆಗೆ ನಡೆಯುತ್ತಿದ್ದಾಗ ಆಸ್ಪತ್ರೆಯ ಹಿಂದಿನ ಮೋರಿಯಿಂದ ಒಂದು ಕೆಂಚು ನಾಯಿಮರಿ ಹೊರಬಂದು ನನ್ನ ಹಿಂದೆಯೇ ಬಂತು. ಬೇರೆ ಮರಿಯಾಗಿದ್ದರೆ ಓಡುತ್ತಿತ್ತು, ನಿಲ್ಲುತ್ತಿತ್ತು, ಎಲ್ಲೆಂದರಲ್ಲಿ ಮೂಸುತ್ತಿತ್ತು. ಇದು ರಸ್ತೆಯ ಎಡಗಡೆಯಲ್ಲಿ, ನನ್ನಿಂದ ಎರಡು ಅಡಿ ಹಿಂದೆ, ಒಂದೇ ವೇಗದಲ್ಲಿ ಬಂತು. ಶಿಸ್ತನ್ನು ಕಂಡರೆ ನಾನು ಕರಗುತ್ತೇನೆ. ಜಾಣಿ ಎಂದು ಹೆಸರಿಟ್ಟೆ. ಗಡಿಯಾರ ಎರಡೇ ವರ್ಷಕ್ಕೆ ನಿಂತಿತು; ಜಾಣಿ ಒಂಬತ್ತು ವರ್ಷದಿಂದ ನಡೆಯುತ್ತಿದ್ದಾಳೆ. ಬೆಳಿಗ್ಗೆ ಐದೂವರೆಗೆ ರೈಲ್ವೆ ಗೇಟಿನವರೆಗೆ ಹೋಗಿ ಬರುವುದು, ಎಂಟಕ್ಕೆ ಹಾಲುಮುದ್ದೆ, ಸಂಜೆ ಐದಕ್ಕೆ ಮತ್ತೆ ಗೇಟು. ಐದು ನಿಮಿಷ ತಡವಾದರೆ ಅವಳು ಬಾಗಿಲ ಬಳಿ ಕುಳಿತು ನನ್ನನ್ನು ನೋಡುವ ರೀತಿ ಇದೆಯಲ್ಲ, ನನ್ನ ಮೇಲಧಿಕಾರಿಗಳು ಯಾರೂ ಹಾಗೆ ನೋಡಿರಲಿಲ್ಲ.

ಈಗ ನೀವು ಕೇಳಬಹುದು: ಊರಿಗೆಲ್ಲ ಆಪರೇಷನ್ ಮಾಡಿಸಿದವಳು ಮನೆಯ ನಾಯಿಗೆ ಯಾಕೆ ಮಾಡಿಸಲಿಲ್ಲ? ನೀವು ಕೇಳುವ ಮೊದಲೇ ಹಾಲಮ್ಮ ಕೇಳಿದ್ದಾಳೆ. ಹಾಲಮ್ಮ ನಮ್ಮ ಪಕ್ಕದ ಮನೆಯವಳು, ನನ್ನ ಹಳೆಯ ಕೇಸುಗಳಲ್ಲಿ ಒಬ್ಬಳು. ಜಾಣಿ ಮೂರನೆಯ ವರ್ಷದಲ್ಲಿ ಐದು ಮರಿ ಹಾಕಿದಾಗ ಅವಳು ಬೇಲಿಯ ಮೇಲೆ ಕತ್ತು ಹಾಕಿ ನೋಡಿ, ನಾನು ಗೋಡೆಗೋಡೆಗೆ ಬರೆಸಿದ್ದ ಘೋಷಣೆಯನ್ನೇ ನನಗೆ ತಿರುಗಿಸಿದಳು. “ಆರತಿಗೊಬ್ಬಳು ಕೀರ್ತಿಗೊಬ್ಬ ಅಂತಿದ್ರಲ್ಲ ಸಿಸ್ಟ್ರಮ್ಮ! ಇಲ್ಲಿ ಆರತಿಗೆ ಮೂರು, ಕೀರ್ತಿಗೆ ಎರಡು ಆಗವೆ ನೋಡಿ.” ಐದಕ್ಕೂ ಒಳ್ಳೆಯ ಮನೆ ಹುಡುಕಿ ಕೊಟ್ಟೆ. ಆದರೆ ಆ ಮಾತು ಮಾತ್ರ ಇಲ್ಲೇ ಉಳಿದುಕೊಂಡಿತು.

ತಪ್ಪು ಯಾರದು? ನಮ್ಮ ಯಜಮಾನರದು. ಸೈಕಲ್ ಶಾಪು ಇಟ್ಟುಕೊಂಡಿದ್ದವರು. ಪಂಕ್ಚರಾದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವವರೆಗೆ ಸುಮ್ಮನೆ ಕೂತು ಅಭ್ಯಾಸವಾದವರು. ಯಾವ ವಿಷಯ ತೆಗೆದರೂ ಅವರು ಗುಳ್ಳೆ ಬರಲಿ ಎಂದು ಕಾಯುತ್ತಾರೆ. ಈ ವರ್ಷ ಆಷಾಢದಲ್ಲಿ ಜಾಣಿಗೆ ಬೆದೆ ಬಂದು ಹೋಯಿತು. ಶ್ರಾವಣ ಮುಗಿಯುವಷ್ಟರಲ್ಲಿ ಅವಳು ಮಂಕಾದಳು. ಬಟ್ಟಲುಗಟ್ಟಲೆ ನೀರು ಕುಡಿಯುತ್ತಿದ್ದಳು, ಮುದ್ದೆ ಮುಟ್ಟುತ್ತಿರಲಿಲ್ಲ, ಗೇಟಿನವರೆಗೆ ಬರದೆ ಅರ್ಧ ದಾರಿಯಲ್ಲೇ ಕುಳಿತುಬಿಟ್ಟಳು. ನಮ್ಮೂರಿನ ಪಶುವೈದ್ಯರು ನೋಡಿ ಚುಚ್ಚುಮದ್ದು ಕೊಟ್ಟರು, ವಾರದಲ್ಲಿ ಸುಧಾರಿಸಿತು. ಆದರೆ ಅವರು ಮುಚ್ಚುಮರೆ ಮಾಡದೆ ಹೇಳಿದರು: “ಅಮ್ಮಾ, ಈ ಸಲ ಔಷಧಿಗೆ ಬಗ್ಗಿದೆ. ಇನ್ನೊಂದು ಸಲ ಬೆದೆಗೆ ಬಂದು ಗರ್ಭಕೋಶದಲ್ಲಿ ಕೀವು ತುಂಬಿದ್ರೆ ನಾಯಿ ಉಳಿಯೋದು ಕಷ್ಟ. ಅಷ್ಟರೊಳಗೆ ಆಪರೇಷನ್ ಮಾಡಿಸಿಬಿಡಿ. ವಯಸ್ಸಾಗಿದೆ, ರಕ್ತ ಪರೀಕ್ಷೆ ಮಾಡಿ ಅರಿವಳಿಕೆ ಕೊಡೋ ಅನುಕೂಲ ಇರೋ ಕಡೆ ಹೋಗಿ.”

ಅಂದರೆ ಸಂಕ್ರಾಂತಿಯ ಒಳಗೆ. ನಾನು ಅವತ್ತೇ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹಾಸಿದೆ. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿ, ತಿಂಗಳುಗಳನ್ನು ಒಂದೊಂದಾಗಿ ಮಗುಚಿ, ಕೊನೆಗೆ ಏನಂದರು ಗೊತ್ತೆ?

“ನೋಡಾಣ ಬಿಡೇ.”

ನನ್ನ ತಲೆ ಕಾದ ಬಾಣಲೆಯಾಯಿತು. “ಏನ್ರೀ ನೋಡೋದು?” ಎಂದೆ.

“ಅಲ್ವೇ, ಈಗ ಮಳೆ. ಗಾಯ ಮಾಯಬೇಕಲ್ಲ.”

“ಕಾರ್ತಿಕದಲ್ಲಿ ಮಾಡಿಸೋಣ.”

“ಚಳಿ ಶುರುವಾಗ್ತದೆ. ವಯಸ್ಸಾದ ಜೀವ.”

“ಹಾಗಾದರೆ ಬೇಸಗೆಯವರೆಗೆ ಕಾಯೋಣವೇ?”

“ಬ್ಯಾಸಗೇಲಿ ಕೀವಾಗಲ್ವೇನೇ?” ಎಂದರು ಗಂಭೀರವಾಗಿ.

ಮೂವತ್ತೊಂದು ವರ್ಷ ಹಳ್ಳಿಹಳ್ಳಿಯಲ್ಲಿ ಬಡಿದಾಡಿದ ಶತ್ರು ನನ್ನ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತಿದ್ದಾನೆಂದು ಆಗ ಗೊತ್ತಾಯಿತು. ಹೋಗಲಿ, ಯಾವಾಗ ಎಂಬುದು ಬಿಡಿ, ಎಲ್ಲಿ ಎಂದಾದರೂ ತೀರ್ಮಾನವಾಗಲಿ ಎಂದೆ. ತರೀಕೆರೆ ನಮಗೆ ಹತ್ತಿರ. ವಯಸ್ಸಾದ ನಾಯಿಗೆ ಹೊಟ್ಟೆಯ ಹೊಲಿಗೆ ಹಾಕಿಸಿಕೊಂಡು ಬರುವ ದಾರಿ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ನನ್ನ ವಾದ. ಯಜಮಾನರು ಕಡೂರು ಎಂದರು. ಅಲ್ಲಿ ಹಿರಿಯ ಡಾಕ್ಟರೊಬ್ಬರಿದ್ದಾರೆ, ಯಗಟಿ ಕಡೆಯ ಕುರಿಯವರೆಲ್ಲ ಅವರ ಕೈಗುಣಕ್ಕೆ ಕೈಮುಗಿಯುತ್ತಾರೆ ಎಂದರು. ನಮ್ಮದು ಕುರಿಯಲ್ಲ ಎಂದೆ. ಕೈಗುಣ ಕೈಗುಣವೇ ಎಂದರು. ನಿಜವಾದ ಕಾರಣ ಮೂರು ದಿನದ ಮೇಲೆ ಹೊರಬಂತು: ಕಡೂರಿನಲ್ಲಿ ಅವರ ಅಕ್ಕನ ಮನೆಯಿದೆ, ಆಕೆ ಅವರೆಕಾಳಿನ ಹುಳಿ ಚೆನ್ನಾಗಿ ಮಾಡುತ್ತಾರೆ. ನಾಯಿಯ ಗರ್ಭಕೋಶವನ್ನು ಹುಳಿಯ ದಾರಿಯಲ್ಲಿ ತೀರ್ಮಾನಿಸುವ ಮನುಷ್ಯನೊಡನೆ ನಾನು ನಲವತ್ತಮೂರು ವರ್ಷ ಬಾಳಿದ್ದೇನೆ.

ವಾದದಲ್ಲಿ ದಸರಾ ಕಳೆಯಿತು. ದೀಪಾವಳಿ ಹತ್ತಿರ ಬಂತು. ನಾನು ಸೋತು ಕಡೂರೇ ಆಗಲಿ ಎಂದೆ. ದಿನ ಗೊತ್ತು ಮಾಡುವ ಕೆಲಸವನ್ನು ಅವರಿಗೇ ಬಿಟ್ಟೆ. ಅದು ನನ್ನ ಬುದ್ಧಿಗೇಡಿತನ. ನಮ್ಮ ಯಜಮಾನರು ಫೋನಿನಲ್ಲಿ ಬೆರಳೊತ್ತಿ ಬರೆಯುವುದಿಲ್ಲ. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುವ ಒಂದು ಏರ್ಪಾಡಿದೆಯಲ್ಲ, ಅದರ ಭಕ್ತರು. ಇಲ್ಲಿ ಒಂದು ಮಾತು ಹೇಳಬೇಕು: ಅವರ ನಾಲಿಗೆಗೆ ‘ಣ’ ಹೊರಳುವುದಿಲ್ಲ. ಅವರಿಗೆ ಬಣ್ಣ ಎಂದರೆ ಬನ್ನ, ಬೆಣ್ಣೆ ಎಂದರೆ ಬೆನ್ನೆ. ‘ನೋಡಾಣ’ದಲ್ಲಿ ಮಾತ್ರ ಅದು ಎಂದೂ ತಪ್ಪಿದ್ದಿಲ್ಲ, ಅಷ್ಟು ಅಭ್ಯಾಸ! ಅವರು ಫೋನಿಗೆ ಹೇಳಿದ್ದು ಇಷ್ಟು: “ನಮ್ಮ ಜಾನಿಗೆ ಒಂಬತ್ತು ವರ್ಷ. ಆಪರೇಷನ್ ಮಾಡಿಸಬೇಕು. ಯಾವತ್ತು ಬರಬೇಕು?” ಕಳಿಸುವ ಮೊದಲು ಫೋನನ್ನು ನನ್ನ ಮುಖಕ್ಕೆ ಹಿಡಿದು, “ಸರಿಯಾಗಿ ಅದಾ ನೋಡೇ” ಎಂದರು. ನಾನು ಸರಿಯಿದೆ ಎಂದೆ. ಗುರುವಾರ ಒಂಬತ್ತು ಗಂಟೆಗೆ ಬನ್ನಿ, ಹಿಂದಿನ ರಾತ್ರಿಯಿಂದ ಊಟ ಬೇಡ ಎಂದು ಉತ್ತರ ಬಂತು.

ಗುರುವಾರ ಬಾಡಿಗೆ ಓಮ್ನಿಯಲ್ಲಿ ಹೊರಟೆವು. ಬೀರೂರು ದಾಟಿ ಕಡೂರು ತಲುಪುವವರೆಗೆ ಜಾಣಿ ಹಸಿದ ಹೊಟ್ಟೆಯಲ್ಲಿ ನನ್ನ ತೊಡೆಯ ಮೇಲೆ ಗದ್ದವಿಟ್ಟು, ಎಂಟು ಗಂಟೆಯಾಯಿತು, ಮುದ್ದೆ ಎಲ್ಲಿ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಡಾಕ್ಟರು ಹಿರಿಯರು, ಸೌಮ್ಯ ಸ್ವಭಾವದವರು. ನಾಯಿಯನ್ನು ಮೇಜಿನ ಮೇಲೆ ಮಗುಚಿ ಮಲಗಿಸಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಅಮ್ಮಾ, ಇದು ಹೆಣ್ಣು!”

“ಹೆಣ್ಣಲ್ಲದೆ ಮತ್ತೇನು ಸ್ವಾಮಿ?”

“ಜಾನಿ ಅಂತ ಕಳಿಸಿದೀರಲ್ಲ! ಜಾನಿ ಅಂದ್ರೆ ಗಂಡು ಅಂದ್ಕೊಂಡೆ. ಗಂಡಾದ್ರೆ ಹತ್ತು ನಿಮಿಷದ ಕೆಲಸ. ಒಂಬತ್ತು ವರ್ಷದ ಹೆಣ್ಣಿಗೆ ಹೊಟ್ಟೆ ಕೊಯ್ಬೇಕು, ರಕ್ತ ನೋಡದೆ ನಾನು ಕೈ ಹಾಕಲ್ಲ. ನಿಮಗೆ ತರೀಕೆರೆ ಹತ್ರ ಅಲ್ವಾ? ಅಲ್ಲಿ ಒಬ್ಬ ಹುಡುಗಿ ಡಾಕ್ಟ್ರಿದಾರೆ, ಇದನ್ನೇ ಚೆನ್ನಾಗಿ ಕಲ್ತು ಬಂದಿದಾರೆ. ಅಲ್ಲಿಗೇ ಹೋಗಿ.”

ನಾನು ಯಜಮಾನರ ಕಡೆ ತಿರುಗಿದೆ. ಅವರು ಗೋಡೆಯ ಮೇಲಿದ್ದ ಹಸುವಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಓಮ್ನಿಯ ಚಾಲಕ ಸ್ವಲ್ಪ ದೂರ ಹೋಗಿ ನಿಂತುಕೊಂಡ. ಎಲ್ಲ ಮುಗಿದ ಮೇಲೆ ಯಜಮಾನರು ಮೆಲ್ಲಗೆ, “ಹೆಂಗೂ ಬಂದೀವಿ, ಅಕ್ಕನ ಮನೇಗೆ ಹೋಗಿ ಊಟ ಮಾಡ್ಕಂಡು ಹೋಗಾನ” ಎಂದರು. ಹೋದೆವು. ಅವರೆಕಾಳಿನ ಹುಳಿಯೇ ಇತ್ತು. ಚೆನ್ನಾಗಿಯೂ ಇತ್ತು, ಅದು ಇನ್ನೂ ಸಿಟ್ಟು ತರಿಸಿತು. ಜಾಣಿ ಎರಡು ಮುದ್ದೆ ತಿಂದಳು.

ಮುಂದಿನ ಸೋಮವಾರ ತರೀಕೆರೆಗೆ ನಾನೇ ಫೋನು ಮಾಡಿದೆ, ‘ಣ’ ಒತ್ತಿ ಹೇಳಿದೆ, ‘ಹೆಣ್ಣು’ ಎಂದು ಎರಡು ಸಲ ಹೇಳಿದೆ. ಪರೀಕ್ಷೆಗೆ ಹೊರಡುವಾಗ ಒಂದು ಚೀಲದಲ್ಲಿ ಒಂಬತ್ತು ವರ್ಷದ ಡೈರಿಗಳನ್ನು ತುಂಬಿಕೊಂಡೆ. ಸರ್ವೀಸಿನಲ್ಲಿದ್ದಾಗ ದಿನದ ಕೆಲಸವನ್ನು ಡೈರಿಯಲ್ಲಿ ಬರೆಯುವುದು ಕಡ್ಡಾಯವಾಗಿತ್ತು. ನಿವೃತ್ತಿಯಾದ ಮೇಲೂ ನಾನು ಒಂದು ದಿನ ತಪ್ಪಿಸಿಲ್ಲ. ಜಾಣಿಯ ಬೆದೆ, ಭೇದಿ, ಚುಚ್ಚುಮದ್ದು ಎಲ್ಲಕ್ಕೂ ತಾರೀಖಿದೆ. ಡಾಕ್ಟರಾಗಿದ್ದ ಹುಡುಗಿ ರಕ್ತ ತೆಗೆದುಕೊಂಡು, “ಕೊನೆಯ ಸಲ ಬೆದೆಗೆ ಬಂದಿದ್ದು ಯಾವಾಗ ನೆನಪಿದೆಯಾ ಅಮ್ಮ? ಹಿಂದಿನ ಸಲಗಳದ್ದೂ ಗೊತ್ತಿದ್ರೆ ಒಳ್ಳೇದು” ಎಂದಳು. ನೆನಪೇ! ನಾನು ಚೀಲವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಜಾಣಿ ಬೆಚ್ಚಿದಳು. “ಎಲ್ಲ ದಾಖಲೆ ಇದೆ. ನಮ್ಮ ಯಜಮಾನರು ನೋಡೋಣ ನೋಡೋಣ ಅಂತ ಮುಂದೂಡದೆ ಇದ್ದಿದ್ದರೆ ಇದೆಲ್ಲ ಯಾವತ್ತೋ ಮುಗಿದಿರುತ್ತಿತ್ತು” ಎಂದು, ಕೆಂಪು ದಾರ ಇಟ್ಟು ಗುರುತು ಮಾಡಿದ್ದ ಪುಟಗಳನ್ನು ತೆಗೆದು ಯಜಮಾನರ ಕೈಗೆ ಕೊಟ್ಟು ಓದಿ ಎಂದೆ.

ಅವರು ಆಕಾಶವಾಣಿಯ ವಾರ್ತೆಯವರ ಹಾಗೆ ಗಂಟಲು ಸರಿಮಾಡಿಕೊಂಡು ಓದಿದರು. “ಇಂದು ಜಾಣಿ ಬೆದೆಗೆ ಬಂದಿದೆ. ಆಪರೇಷನ್ ಮಾಡಿಸಬೇಕು. ಗೌರಿಹಬ್ಬ ಕಳೆಯಲಿ. ನೋಡೋಣ.”

ಅವರು ಇನ್ನೊಂದು ಡೈರಿ ತೆರೆದರು. “ಜಾಣಿಗೆ ಮತ್ತೆ ಶುರು. ಈಗ ಚಳಿ. ಹೊಲಿಗೆ ಸೆಳೆಯಬಹುದು. ನೋಡೋಣ.” ಮತ್ತೊಂದು. “ಬಿಸಿಲು ಹೆಚ್ಚು. ಗಾಯ ಕೀವಾದರೆ ಕಷ್ಟ. ನೋಡೋಣ.” ಮರಿ ಹಾಕಿದ ವರ್ಷದ್ದು: “ಮರಿಗಳು ಹಾಲು ಬಿಡಲಿ. ಖಂಡಿತ ನೋಡೋಣ.”

“ಸಾಕು” ಎಂದೆ.

“ಇರು, ಇನ್ನೂ ಐದು ವರ್ಷದ್ದಿದೆ” ಎಂದರು. ನಲವತ್ತಮೂರು ವರ್ಷದಲ್ಲಿ ಅವರು ಯಾವ ಕೆಲಸವನ್ನೂ ಇಷ್ಟು ಚುರುಕಾಗಿ ಮಾಡಿದ್ದನ್ನು ನಾನು ನೋಡಿರಲಿಲ್ಲ. ಎಲ್ಲ ನನ್ನದೇ ಅಕ್ಷರ, ನನ್ನದೇ ಮಸಿ. ಡಾಕ್ಟರು ಮುಖಗವುಸಿನೊಳಗೆ ನಗುತ್ತಿದ್ದಳು. ಕಣ್ಣಿನ ಅಂಚಿನಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಅವಳೇ ನನ್ನನ್ನು ಕಾಪಾಡಿದಳು. “ತಾರೀಖುಗಳು ಸರಿಯಾಗಿವೆ ಅಮ್ಮ. ಬೆದೆ ಮುಗಿದು ಮೂರು ತಿಂಗಳ ಮೇಲಾಗಿದೆ, ಇದೇ ಸರಿಯಾದ ಸಮಯ. ರಕ್ತದ ವರದಿ ಚೆನ್ನಾಗಿ ಬಂದ್ರೆ ಗುರುವಾರ ಮಾಡಿಬಿಡೋಣ.” ಮಾಡಿಬಿಡೋಣ! ಈ ಮಾತನ್ನು ಕೇಳದೆ ಎಷ್ಟು ವರ್ಷವಾಗಿತ್ತು.

ಯಾಕೆ ಮುಂದೂಡಿದೆ ಎಂದರೆ ಹೇಳಲು ನನಗೆ ನಾಚಿಕೆ. ಸರ್ವೀಸಿನಲ್ಲಿದ್ದಾಗ ಆಪರೇಷನ್ ಕ್ಯಾಂಪಿನಲ್ಲಿ ನಾನು ಬಾಗಿಲಾಚೆ ನಿಂತು ಹೆಸರು ಕೂಗುವವಳಾಗಿದ್ದೆ. ಒಳಗೆ ಹೋಗುವ ಹೆಂಗಸರ ಕೈ ಹಿಡಿದುಕೊಂಡರೆ ಒದ್ದೆಯಾಗಿರುತ್ತಿತ್ತು; ಸೆಖೆ ಎಂದುಕೊಳ್ಳುತ್ತಿದ್ದೆ. ಗುರುವಾರ ತರೀಕೆರೆಯಲ್ಲಿ ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗ ನನ್ನ ಕೈಯೂ ಒದ್ದೆಯಾಗಿತ್ತು. ಕಾರ್ತಿಕದ ಬೆಳಗು, ಸೆಖೆಯೇನೂ ಇರಲಿಲ್ಲ. ಜಾಣಿ ಒಳಗೆ ಹೋಗುವಾಗ ತಿರುಗಿ ನೋಡಲಿಲ್ಲ. ಡಾಕ್ಟರಿಂದ ಎರಡು ಅಡಿ ಹಿಂದೆ, ಎಡಗಡೆಯಲ್ಲಿ, ಅದೇ ವೇಗದಲ್ಲಿ ನಡೆದು ಹೋದಳು. ತಿರುಗಿ ನೋಡಿದ್ದರೆ ನಾನು ಬಹುಶಃ ಪತ್ರ ಹರಿದು ಹಾಕಿ ಕರೆದುಕೊಂಡು ಬಂದುಬಿಡುತ್ತಿದ್ದೆ.

ಹಾಲಮ್ಮ ಕರೆಯದೆಯೇ ಓಮ್ನಿ ಹತ್ತಿ ಬಂದಿದ್ದಳು, ಫ್ಲಾಸ್ಕಿನಲ್ಲಿ ಕಾಫಿಯನ್ನೂ ತಂದಿದ್ದಳು. ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು ನನ್ನ ಕೈ ಹಿಡಿದುಕೊಂಡಳು. “ಏನೂ ಇಲ್ಲ ತಗಳಿ ಸಿಸ್ಟ್ರಮ್ಮ. ಇರುವೆ ಕಚ್ಚಿದಂಗೆ.”

“ಬಾಯಿ ಮುಚ್ಚೇ ಹಾಲಮ್ಮ” ಎಂದೆ.

“ಅವತ್ತು ನಂಗೂ ಅಂಗೇ ಅನ್ಬೇಕು ಅನ್ಸಿತ್ತು. ನೀವು ದೊಡ್ಡೋರು, ಅದ್ಕೆ ಅನ್ಲಿಲ್ಲ” ಎಂದು ಕಾಫಿ ಬಗ್ಗಿಸಿದಳು. “ಎದ್ದ ಮ್ಯಾಲೆ ಎಂಟು ದಿನ ಆ ಇರುವೇನ ಹುಡುಕ್ದೆ ಕಣ್ರೀ. ಸಿಕ್ಕಿದ್ರೆ ಕೇಳಾಣ ಅಂತ, ನಿಂಗೆ ಎಷ್ಟು ಹಲ್ಲು ಅವೆ ಅಂತ.”

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಅಷ್ಟೆ. ಅವಳ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಹೊಲಿಗೆ ಬಿಚ್ಚುವ ದಿನ ನಾನು ಅವಳ ಮನೆಗೆ ಹೋಗಿದ್ದೆ, ‘ಇನ್ನೊಂದು ಕೇಸು ಆಯಿತು’ ಎಂದು ಗುರುತು ಹಾಕಿಕೊಂಡೆ; ನೋವಿತ್ತೇನೇ ಎಂದು ಕೇಳಿದ ನೆನಪಿಲ್ಲ. ಈಗ ಕೇಳಿದೆ. “ಇತ್ತು. ಸತ್ತೇನೂ ಹೋಗ್ಲಿಲ್ವಲ್ಲ. ಕಾಫಿ ಆರ್ತದೆ, ಕುಡೀರಿ” ಎಂದಳು.

ಒಂದೂವರೆ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದಳು. ಗರ್ಭಕೋಶ ದಪ್ಪಗಾಗಿ ನೀರು ಕಟ್ಟಲು ಶುರುವಾಗಿತ್ತಂತೆ. “ಇನ್ನೊಂದು ಬೆದೆ ಕಾದಿದ್ರೆ ಕಷ್ಟ ಇತ್ತಮ್ಮ. ಈಗ ಭಯ ಇಲ್ಲ” ಎಂದಳು. ನಮ್ಮ ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಈ ಸಲ ಅಲ್ಲಿ ಯಾವ ಹಸುವಿನ ಚಿತ್ರವೂ ಇರಲಿಲ್ಲ.

ಈಗ ಜಾಣಿ ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ಕಿನ ದೊಡ್ಡ ಆಲಿಕೆ ಕಟ್ಟಿಸಿಕೊಂಡು ನಡುಮನೆಯಲ್ಲಿ ಓಡಾಡುತ್ತಿದ್ದಾಳೆ. ಎಂಟು ಗಂಟೆಗೆ ಸರಿಯಾಗಿ ಬಂದು ಆಲಿಕೆಯಿಂದ ನನ್ನ ಮೊಣಕಾಲಿಗೆ ಗುದ್ದುತ್ತಾಳೆ. ನಿನ್ನೆ ಹಾಗೆ ಗುದ್ದಿದಾಗ ನಾನು ಅವಳ ಬಟ್ಟಲಿಗೆ ಹಾಲು ಬಗ್ಗಿಸುತ್ತಿದ್ದೆ. ಅರ್ಧ ಹಾಲು ನೆಲಕ್ಕೆ ಹೋಯಿತು. ಗುದ್ದಿದ್ದರಿಂದ ಎಂದೆ. ಹಾಲಮ್ಮ ಬೇಲಿಯಿಂದ ಕೂಗಿದಳು: “ಗುದ್ದೋಕೆ ಮುಂಚೇನೇ ಆಚೆ ಬಗ್ಗಿಸ್ತಿದ್ರಿ ಸಿಸ್ಟ್ರಮ್ಮ, ನಾನ್ ನೋಡ್ದೆ!” ಇದಕ್ಕೇ ಕಾಯುತ್ತಿದ್ದವರ ಹಾಗೆ ಯಜಮಾನರು ಪೇಪರು ಮಡಿಸಿಟ್ಟರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಎರಡು ಕಣ್ಣಿಗೂ ಪೊರೆ ಬಂದು ಎರಡು ವರ್ಷವಾಯಿತು. ಆಪರೇಷನ್ ಮಾಡಿಸಿ ಎಂದು ಕಣ್ಣಿನ ಡಾಕ್ಟರು ಆಗಲೇ ಹೇಳಿದ್ದಾರೆ. ತರೀಕೆರೆಯಲ್ಲಿ ಡೈರಿಯನ್ನು ಯಜಮಾನರ ಕೈಗೆ ಕೊಟ್ಟದ್ದು ಗೌರವದಿಂದಲ್ಲ. ನನ್ನ ಅಕ್ಷರ ನನಗೇ ಕಾಣುತ್ತಿರಲಿಲ್ಲ. ಕಡೂರಿನ ಡಾಕ್ಟರಿಗೆ ಕಳಿಸುವ ಮೊದಲು ಅವರು ಫೋನನ್ನು ನನ್ನ ಮುಖಕ್ಕೆ ಹಿಡಿದಾಗ ನನಗೆ ಕಂಡದ್ದು ಒಂದು ಬಿಳಿಯ ಬೆಳಕು. ಅದರಲ್ಲಿ ಜಾಣಿಯೂ ಇರಲಿಲ್ಲ, ಜಾನಿಯೂ ಇರಲಿಲ್ಲ. ಆದರೂ ಸರಿಯಿದೆ ಎಂದೆ.

“ಈಗ ಹೇಳು, ನಿನ್ನ ಕನ್ನಿಂದು ಯಾವಾಗ?” ಎಂದರು ಯಜಮಾನರು.

“ನೋಡೋಣ” ಎಂದೆ.

“ಅಯ್ಯೋ ಇವಳೇ, ಪೊರೆ ತೆಗೆಸಿದ್ರೆ ತಾನೇ ನೋಡೋದು?” ಎಂದರು. ಬೇಲಿಯಾಚೆ ಹಾಲಮ್ಮ ನಕ್ಕ ನಗೆಗೆ ಕಾಗೆಗಳು ಹಾರಿದವು.

ಸಂಜೆ ಗೇಟಿನವರೆಗೆ ಒಬ್ಬಳೇ ಹೋಗಿ ಬಂದು ಡೈರಿ ಬರೆಯಲು ಕುಳಿತೆ. ‘ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಜಾಣಿಯ ಹೊಲಿಗೆ ಮಾಗಲಿ’ ಎಂದು ಬರೆದೆ. ಕೈ ತನ್ನಷ್ಟಕ್ಕೆ ಮುಂದಿನ ಪದಕ್ಕೆ ಹೊರಟಿತ್ತು. ತಡೆದು ಪೆನ್ನಿಗೆ ಮುಚ್ಚಳ ಹಾಕಿದೆ. ತಡೆಯುವ ಮೊದಲೇ ಅದು ಬರೆದುಬಿಟ್ಟಿತ್ತೋ ಏನೋ, ನನಗೆ ಕಾಣಲಿಲ್ಲ.